ಎರಾರನ ಏಳು ಪೆಡಲುಗಳು

ವಾದ್ಯವನ್ನು ನುಡಿಸಿದವರನ್ನು ಲೋಕ ನೆನೆಯುತ್ತದೆ. ವಾದ್ಯವನ್ನು ಕಟ್ಟಿದವರನ್ನು ಬಹುಮಟ್ಟಿಗೆ ಮರೆಯುತ್ತದೆ. ಈ ಮಾತಿಗೆ ಅಪವಾದವಾಗಿ ನಿಲ್ಲುವ ಕೆಲವೇ ಹೆಸರುಗಳಲ್ಲಿ ಫ್ರಾನ್ಸ್ ದೇಶದ ಸೆಬಾಸ್ಟಿಯನ್ ಎರಾರನದು ಒಂದು. ಪಿಯಾನೊ ಮತ್ತು ಹಾರ್ಪ್ ಎಂಬ ಎರಡು ವಾದ್ಯಗಳ ಇಂದಿನ ರಚನೆಗೆ ಬಹುವಾಗಿ ಕಾರಣನಾದವನು ಇವನು. ನಾನು ಕನ್ನಡ ಪಾಠ ಹೇಳುವವನು, ಸಂಗೀತಶಾಸ್ತ್ರದಲ್ಲಿ ಅಧಿಕಾರವುಳ್ಳವನಲ್ಲ. ಆದರೂ ಇವನ ಜೀವನ ನನ್ನ ಮನಸ್ಸನ್ನು ಸೆಳೆದದ್ದಕ್ಕೆ ಕಾರಣವುಂಟು. ಇರುವ ಸಾಧನ ಸಾಲದೆ ಬಂದಾಗ ಅದಕ್ಕೆ ಇನ್ನೊಂದನ್ನು ಜೋಡಿಸಬೇಕೆ, ಇಲ್ಲವೆ ಇರುವುದರಿಂದಲೇ ಹೆಚ್ಚಿನ ಕೆಲಸವನ್ನು ತೆಗೆಯಬೇಕೆ? ಈ ಪ್ರಶ್ನೆ ಕವಿಗೂ ಉಂಟು, ವೈಯಾಕರಣನಿಗೂ ಉಂಟು, ಕಮ್ಮಾರನಿಗೂ ಉಂಟು. ಎರಾರನು ಅದನ್ನು ಮರ ಲೋಹಗಳಲ್ಲಿ ಬಿಡಿಸಿ ತೋರಿಸಿದನು.

ಅವನು ಹುಟ್ಟಿದ್ದು ೧೭೫೨ರ ಏಪ್ರಿಲ್ ೫ರಂದು, ಸ್ಟ್ರಾಸ್‌ಬೂರ್ ನಗರದಲ್ಲಿ. ತಂದೆ ಮರಗೆಲಸದವನು. ಗೆರೆ ಎಳೆಯುವುದು, ಅಳತೆ ಹಿಡಿಯುವುದು, ಮರದ ಗುಣವನ್ನು ಅರಿಯುವುದು ಇವೆಲ್ಲ ಮನೆಯಲ್ಲಿಯೇ ದೊರೆತ ವಿದ್ಯೆಗಳು. ೧೭೬೮ರಲ್ಲಿ, ತಂದೆಯಿಲ್ಲದ ಹದಿನಾರರ ಹುಡುಗ ಪ್ಯಾರಿಸ್ಸಿಗೆ ಬಂದು ಹಾರ್ಪ್ಸಿಕಾರ್ಡ್ ತಯಾರಕನೊಬ್ಬನ ಕೈಕೆಳಗೆ ಸೇರಿದನು. ಹಾರ್ಪ್ಸಿಕಾರ್ಡ್ ಎಂಬುದು ಪಿಯಾನೊಗಿಂತ ಹಿಂದಿನ ವಾದ್ಯ. ಮನೆಯನ್ನು ಒತ್ತಿದರೆ ಗರಿಯ ಮೊನೆಯೊಂದು ತಂತಿಯನ್ನು ಮೀಟುತ್ತದೆ. ಹೇಳಿದಷ್ಟು ಕೆಲಸ ಮಾಡಿ ಸುಮ್ಮನಿರದೆ ಪ್ರತಿಯೊಂದಕ್ಕೂ ಕಾರಣ ಕೇಳುತ್ತಿದ್ದ ಈ ಹುಡುಗನನ್ನು ಸಹಿಸಲಾರದೆ ಯಜಮಾನ ಬಿಡಿಸಿಬಿಟ್ಟನೆಂದು ಅವನ ಚರಿತ್ರಕಾರರು ಹೇಳುತ್ತಾರೆ. ಇನ್ನೊಬ್ಬ ತಯಾರಕ ತನ್ನಿಂದಾಗದ ಕಠಿನವಾದ ವಾದ್ಯವೊಂದನ್ನು ಗುಟ್ಟಾಗಿ ಇವನ ಕೈಯಲ್ಲಿ ಮಾಡಿಸಿ, ತನ್ನದೆಂದು ಒಪ್ಪಿಸಿದನಂತೆ. ಅದರ ಒಳರಚನೆಯನ್ನು ವಿವರಿಸಬೇಕಾಗಿ ಬಂದಾಗ ಅವನ ಬಾಯಿ ಕಟ್ಟಿತು. ನಿಜವಾದ ಕರ್ತೃವನ್ನು ಹೆಸರಿಸದೆ ಗತ್ಯಂತರವಿರಲಿಲ್ಲ. ಪ್ಯಾರಿಸ್ಸಿನ ಸಿರಿವಂತರು ಎರಾರನ ಹೆಸರನ್ನು ಕೇಳಿದ್ದು ಹೀಗೆಂದು ಪ್ರತೀತಿ.

ವಿಲ್‌ರ್ವಾ ಎಂಬ ಮನೆತನದ ಡಚೆಸ್ ಒಬ್ಬಳು ತನ್ನ ಸೌಧದಲ್ಲಿಯೇ ಅವನಿಗೊಂದು ಕಾರ್ಯಾಗಾರವನ್ನು ಬಿಟ್ಟುಕೊಟ್ಟಳು. ಅಲ್ಲಿ ೧೭೭೭ರ ಸುಮಾರಿಗೆ ಅವನು ತನ್ನ ಮೊದಲ ಪಿಯಾನೊವನ್ನು ಕಟ್ಟಿದನು. ಬಳಿಕ ಅಣ್ಣ ಜಾನ್ ಬ್ಯಾಪ್ಟಿಸ್ಟನನ್ನು ಜೊತೆಗೆ ಸೇರಿಸಿಕೊಂಡು ಸ್ವಂತ ವೃತ್ತಿ ಆರಂಭವಾಯಿತು. ಒಡನೆಯೇ ವಿಘ್ನವೂ ಬಂತು. ಆ ಕಾಲದಲ್ಲಿ ಪ್ಯಾರಿಸ್ಸಿನ ಪ್ರತಿಯೊಂದು ಕಸಬಿಗೂ ಒಂದು ಶ್ರೇಣಿ. ಶ್ರೇಣಿಗೆ ಸೇರದವನು ಆ ಕಸಬನ್ನು ಮಾಡುವಂತಿಲ್ಲ. ತಂತಿವಾದ್ಯ ಮಾಡುವವರು ಬೀಸಣಿಗೆ ಮಾಡುವವರೊಡನೆ ಒಂದೇ ಶ್ರೇಣಿಯಲ್ಲಿದ್ದರು. ಅವರು ಈ ಹೊರಗಿನವನ ಅಂಗಡಿಯನ್ನು ಮುಚ್ಚಿಸಲು ಹೊರಟರು. ೧೭೮೫ರಲ್ಲಿ ಹದಿನಾರನೆಯ ಲೂಯಿ ದೊರೆ ಹೊರಡಿಸಿದ ಸನ್ನದು ಎರಾರನನ್ನು ಉಳಿಸಿತು. ಶ್ರೇಣಿಯ ಕಟ್ಟಿಗೆ ಒಳಪಡದೆ ಪಿಯಾನೊಗಳನ್ನು ಮಾಡುವ ಹಕ್ಕು ಅವನಿಗೆ ದೊರೆಯಿತು. ರಾಣಿ ಮೇರಿ ಆಂಟ್ವನೆಟ್ಟಳ ಕಂಠದ ವ್ಯಾಪ್ತಿ ಕಿರಿದಾಗಿದ್ದುದರಿಂದ, ಅವಳು ಹಾಡುವಾಗ ಶ್ರುತಿಯನ್ನು ಬೇಕಾದಂತೆ ಏರಿಸಲೂ ಇಳಿಸಲೂ ಬರುವಂತೆ ಪಕ್ಕಕ್ಕೆ ಸರಿಯುವ ಮಣೆಯುಳ್ಳ ವಾದ್ಯವೊಂದನ್ನು ಅವನು ರಚಿಸಿಕೊಟ್ಟನೆಂದು ಹೇಳುತ್ತಾರೆ. ನುಡಿಸುವವನು ಬೆರಳುಗಳ ಅಭ್ಯಾಸವನ್ನು ಬದಲಿಸಬೇಕಾಗಿಲ್ಲ. ಬದಲಾಗುವ ಭಾರವನ್ನು ಯಂತ್ರವೇ ಹೊರುತ್ತದೆ. ಎರಾರನ ಮುಂದಿನ ಶೋಧಗಳೆಲ್ಲ ಈ ಒಂದು ತತ್ತ್ವದ ವಿಸ್ತಾರವೆಂದು ನನಗೆ ತೋರುತ್ತದೆ.

ಅವುಗಳಲ್ಲಿ ಹಿರಿದಾದುದು ಹಾರ್ಪಿಗೆ ಸಂಬಂಧಿಸಿದುದು. ಈ ವಾದ್ಯದ ಬಂಧುಗಳು ನಮ್ಮ ದೇಶಕ್ಕೆ ಹೊಸಬರಲ್ಲ. ಗುಪ್ತವಂಶದ ಸಮುದ್ರಗುಪ್ತನು ತನ್ನ ಚಿನ್ನದ ನಾಣ್ಯಗಳಲ್ಲಿ ತೊಡೆಯ ಮೇಲಿರಿಸಿ ನುಡಿಸುತ್ತಿರುವ ಬಿಲ್ಲಿನಾಕಾರದ ವೀಣೆ ಹಾರ್ಪಿನ ಜಾತಿಗೆ ಸೇರಿದ್ದು. ತಮಿಳರ ಪ್ರಾಚೀನ ಯಾಳ್ ಸಹ ಅದೇ ಕುಲದ್ದು. ಇಂದಿನ ನಮ್ಮ ವೀಣೆಯಲ್ಲಿ ಮೆಟ್ಟಿಲುಗಳಿವೆ. ಒಂದೇ ತಂತಿಯ ಮೇಲೆ ಬೆರಳನ್ನು ಸರಿಸಿ ಹಲವು ಸ್ವರಗಳನ್ನು ಪಡೆಯಬಹುದು, ತಂತಿಯನ್ನು ಎಳೆದು ಗಮಕವನ್ನೂ ತೆಗೆಯಬಹುದು. ಹಾರ್ಪಿನಲ್ಲಿ ಮೆಟ್ಟಿಲುಗಳಿಲ್ಲ. ಒಂದು ತಂತಿಗೆ ಒಂದು ಸ್ವರ. ಏಳು ಸ್ವರಗಳಿಗೆ ಏಳು ತಂತಿ, ಮುಂದಿನ ಸ್ಥಾಯಿಗೆ ಮತ್ತೆ ಏಳು. ಆದರೆ ಸ್ಥಾಯಿಯೊಂದಕ್ಕೆ ಸ್ವರಸ್ಥಾನಗಳು ಹನ್ನೆರಡು. ಉಳಿದ ಐದನ್ನು ಎಲ್ಲಿಂದ ತರುವುದು? ಆಧಾರಸ್ವರವನ್ನೇ ನಡುನಡುವೆ ಪಲ್ಲಟಿಸುವ ಪಾಶ್ಚಾತ್ಯ ಸಂಗೀತದಲ್ಲಿ ಇದು ಸಣ್ಣ ತೊಡಕಲ್ಲ.

ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಬವೇರಿಯದ ಹೋಖ್‌ಬ್ರುಕರ್ ಎಂಬವನು ಈ ತೊಡಕಿಗೆ ಕಾಲನ್ನು ನೆರವಿಗೆ ಕರೆದನು. ಹಾರ್ಪಿನ ಬುಡದಲ್ಲಿ ಪೆಡಲುಗಳು. ಒಂದೊಂದು ಪೆಡಲು ಒಂದೊಂದು ಸ್ವರಕ್ಕೆ. ಅದನ್ನು ಮೆಟ್ಟಿದರೆ ಆ ಸ್ವರದ ಎಲ್ಲ ಸ್ಥಾಯಿಗಳ ತಂತಿಗಳನ್ನೂ ಮೇಲಿನ ಕೊಕ್ಕೆಗಳು ಒತ್ತಿ ಹಿಡಿದು ಅರ್ಧಸ್ವರದಷ್ಟು ಏರಿಸುತ್ತಿದ್ದವು. ಉಪಾಯ ಜಾಣತನದ್ದು, ದೋಷಗಳು ಎರಡು. ಕೊಕ್ಕೆ ತಂತಿಯನ್ನು ಪಕ್ಕಕ್ಕೆ ಸೆಳೆಯುತ್ತಿದ್ದುದರಿಂದ ಅದು ಉಳಿದ ತಂತಿಗಳ ಸಾಲಿನಿಂದ ಹೊರಬಿದ್ದು ಬೆರಳಿಗೆ ತಪ್ಪುತ್ತಿತ್ತು, ನಾದವೂ ಕೆಡುತ್ತಿತ್ತು, ತಂತಿಯೂ ಕಡಿಯುತ್ತಿತ್ತು. ಎರಡನೆಯದಾಗಿ, ಪ್ರತಿ ತಂತಿಗೆ ದೊರೆಯುತ್ತಿದ್ದುದು ಎರಡೇ ನೆಲೆ. ಹಲವು ಶ್ರುತಿಗಳಲ್ಲಿ ನುಡಿಸುವುದು ಸಾಧ್ಯವಾಗುತ್ತಿರಲಿಲ್ಲ.

ಎರಡನೆಯ ದೋಷಕ್ಕೆ ಪ್ಯಾರಿಸ್ಸಿನ ಕೂಜಿನೋ ಎಂಬ ತಂದೆಮಕ್ಕಳು ೧೭೮೨ರಲ್ಲಿ ಒಂದು ಪರಿಹಾರ ಕಂಡರು. ಏಳು ಪೆಡಲು ಸಾಲದಿದ್ದರೆ ಹದಿನಾಲ್ಕು ಇರಲಿ ಎಂದು ಎರಡು ಸಾಲುಗಳಲ್ಲಿ ಜೋಡಿಸಿದರು. ಲೆಕ್ಕಕ್ಕೆ ಇದು ಸರಿ. ಯಾವ ಸ್ವರಕ್ಕೂ ಕೊರತೆಯಿಲ್ಲ. ಆದರೆ ಮನುಷ್ಯನಿಗೆ ಕಾಲು ಎರಡೇ. ಕೈಗಳೆರಡೂ ತಂತಿಗಳಲ್ಲಿ ಮಗ್ನವಾಗಿರುವಾಗ, ಕಣ್ಣಿಗೆ ಕಾಣದ ಎಡೆಯಲ್ಲಿ ಹದಿನಾಲ್ಕರ ನಡುವೆ ಬೇಕಾದ ಒಂದನ್ನು ಪಾದ ಹುಡುಕಬೇಕು. ಆ ಹಾರ್ಪ್ ಬಳಕೆಯಲ್ಲಿ ನಿಲ್ಲಲಿಲ್ಲ.

ಎರಾರನು ಮೊದಲ ದೋಷದಿಂದ ಆರಂಭಿಸಿದನು. ಫ್ರಾನ್ಸಿನ ಕ್ರಾಂತಿ ಆಗ ಉಗ್ರವಾಗುತ್ತಿತ್ತು. ಅರಮನೆಗೆ ವಾದ್ಯಗಳನ್ನು ಒದಗಿಸಿದವನಿಗೆ ಪ್ಯಾರಿಸ್ ಕ್ಷೇಮವಾದ ಊರಾಗಿರಲಿಲ್ಲ. ಅವನು ಲಂಡನ್ನಿನ ಗ್ರೇಟ್ ಮಾರ್ಲ್‌ಬರೊ ಬೀದಿಯಲ್ಲಿ ಕಾರ್ಯಾಗಾರವನ್ನು ತೆರೆದು, ೧೭೯೪ರಲ್ಲಿ ಹೊಸ ಹಾರ್ಪಿಗೆ ಪೇಟೆಂಟು ಪಡೆದನು. ಕೊಕ್ಕೆಯ ಬದಲು ಅವನು ಇರಿಸಿದ್ದು ಒಂದು ಚಿಕ್ಕ ಬಿಲ್ಲೆ. ಅದರ ಮೇಲೆ ಎರಡು ಮೊಳೆಗಳು. ತಂತಿ ಅವುಗಳ ನಡುವೆ ಹಾದುಹೋಗುತ್ತದೆ. ಪೆಡಲನ್ನು ಮೆಟ್ಟಿದರೆ ಬಿಲ್ಲೆ ತಿರುಗಿ ಮೊಳೆಗಳೆರಡೂ ತಂತಿಯನ್ನು ಇಕ್ಕೆಲದಿಂದ ಕಚ್ಚಿ ಹಿಡಿಯುತ್ತವೆ. ತಂತಿ ತನ್ನ ಸಾಲಿನಲ್ಲಿಯೇ ಇರುತ್ತದೆ. ನುಡಿಯುವ ಉದ್ದ ಮಾತ್ರ ಕಿರಿದಾಗುತ್ತದೆ.

ಎರಡನೆಯ ದೋಷ ಉಳಿಯಿತು. ಅದನ್ನು ಕಳೆಯಲು ಅವನಿಗೆ ಮತ್ತೆ ಹದಿನಾರು ವರ್ಷ ಬೇಕಾಯಿತು. ನಡುವೆ ಪ್ಯಾರಿಸ್ಸಿಗೆ ಮರಳಿದನು, ಪಿಯಾನೊಗಳನ್ನು ಮಾಡಿದನು; ೧೮೦೩ರಲ್ಲಿ ಬೇಥೋವನ್ನನಿಗೂ ಒಂದು ಎರಾರ್ ಪಿಯಾನೊ ತಲುಪಿತು. ಮತ್ತೆ ಲಂಡನ್ನಿಗೆ ಹೋಗಿ ೧೮೧೦ರಲ್ಲಿ ಇಮ್ಮಡಿ ಚಲನೆಯ ಹಾರ್ಪಿಗೆ ಪೇಟೆಂಟು ಪಡೆದನು. ಅವನು ಪೆಡಲುಗಳ ಸಂಖ್ಯೆಯನ್ನು ಮುಟ್ಟಲಿಲ್ಲ, ಏಳೇ ಉಳಿಸಿದನು. ಪ್ರತಿಯೊಂದಕ್ಕೂ ಎರಡರ ಬದಲು ಮೂರು ನೆಲೆಗಳನ್ನು ಕೊಟ್ಟನು. ತಂತಿಯೊಂದಕ್ಕೆ ಎರಡು ಬಿಲ್ಲೆಗಳು, ಒಂದರ ಕೆಳಗೊಂದು. ಪೆಡಲು ಮೇಲಿರುವಾಗ ತಂತಿ ಪೂರ್ಣವಾಗಿ ಬಿಡುವಾಗಿದ್ದು ಇಳಿದ ಸ್ವರ ನುಡಿಯುತ್ತದೆ. ಮೊದಲ ಕಚ್ಚಿಗೆ ಇಳಿಸಿದರೆ ಮೇಲಿನ ಬಿಲ್ಲೆ ಹಿಡಿದು ಸಹಜಸ್ವರ. ಎರಡನೆಯ ಕಚ್ಚಿಗೆ ಇಳಿಸಿದರೆ ಕೆಳಗಿನ ಬಿಲ್ಲೆಯೂ ಹಿಡಿದು ಏರಿದ ಸ್ವರ. ಏಳು ಮೂರಲ ಇಪ್ಪತ್ತೊಂದು. ಎಲ್ಲ ಶ್ರುತಿಗಳೂ ಒಂದೇ ವಾದ್ಯದಲ್ಲಿ ಸಾಧ್ಯವಾದವು. ನಲವತ್ತಕ್ಕೂ ಹೆಚ್ಚು ತಂತಿಗಳಿರುವ ಚೌಕಟ್ಟಿನಲ್ಲಿ, ಕಂಬದೊಳಗೆ ಹಾದುಹೋಗುವ ಏಳೇ ಸರಳುಗಳಿಂದ ಇಷ್ಟೊಂದು ಬಿಲ್ಲೆಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ತಿರುಗಿಸಬೇಕಾಗಿತ್ತು. ಹದಿನಾರು ವರ್ಷ ಹೆಚ್ಚಾಯಿತೆಂದು ಯಾರು ಹೇಳಿಯಾರು?

ಕನ್ನಡ ಓದುಗನಿಗೆ ಇದನ್ನು ತಿಳಿಸಲು ನಮ್ಮ ಕಾಗುಣಿತಕ್ಕಿಂತ ಒಳ್ಳೆಯ ಉಪಮಾನ ನನಗೆ ತೋಚದು. ಕ, ಕಾ, ಕಿ, ಕೀ ಎಂಬ ಒಂದೊಂದು ಉಚ್ಚಾರಕ್ಕೂ ಬೇರೆ ಬೇರೆ ಅಕ್ಷರವನ್ನು ಹುಟ್ಟಿಸಿದ್ದರೆ ಮಗು ನೂರಾರು ಆಕೃತಿಗಳನ್ನು ಕಲಿಯಬೇಕಾಗಿತ್ತು. ನಮ್ಮ ಲಿಪಿ ಹಾಗೆ ಮಾಡಲಿಲ್ಲ. ಮೂಲಾಕ್ಷರವನ್ನು ಇದ್ದಲ್ಲಿಯೇ ಇರಿಸಿ, ಒಂದು ತಲೆಕಟ್ಟು, ಒಂದು ಕೊಂಬು, ಒಂದು ಇಳಿಯಿಂದ ಅದನ್ನು ಮಾರ್ಪಡಿಸಿತು. ಕೂಜಿನೋ ಹೊಸ ಅಕ್ಷರಗಳನ್ನು ಸೇರಿಸಿದನು. ಎರಾರನು ಕಾಗುಣಿತವನ್ನು ಕಂಡುಕೊಂಡನು.

ಲಂಡನ್ನಿನಲ್ಲಿ ಈ ಹಾರ್ಪಿಗೆ ದೊರೆತ ಸ್ವಾಗತ ಅಪೂರ್ವವಾದುದು. ಮೊದಲ ವರ್ಷದಲ್ಲಿಯೇ ೨೫,೦೦೦ ಪೌಂಡುಗಳಷ್ಟು ಮಾರಾಟವಾಯಿತೆಂದು ದಾಖಲೆ. ಪ್ಯಾರಿಸ್ ಅಷ್ಟು ಬೇಗ ಒಲಿಯಲಿಲ್ಲ. ೧೮೨೫ರಲ್ಲಿ ಅಲ್ಲಿಯ ಸರ್ಕಾರಿ ಸಂಗೀತ ವಿದ್ಯಾಲಯದಲ್ಲಿ ಹಾರ್ಪಿನ ಬೋಧನೆ ಮೊದಲಾದಾಗ ಅಧ್ಯಾಪಕನಾಗಿ ಬಂದವನು ನಾಡರ್‌ಮಾನ್. ಅವನ ತಂದೆ ಹಳೆಯ ಪದ್ಧತಿಯ ಹಾರ್ಪುಗಳ ಪ್ರಸಿದ್ಧ ತಯಾರಕ. ಮಗನು ಮನೆತನದ ವಾದ್ಯವನ್ನು ಬಿಡಲಿಲ್ಲ. ೧೮೩೫ರಲ್ಲಿ ಅವನು ತೀರಿಕೊಳ್ಳುವವರೆಗೂ ಅಲ್ಲಿಯ ವಿದ್ಯಾರ್ಥಿಗಳು ಹಳೆಯದರಲ್ಲಿಯೇ ಕಲಿತರು. ಅವನ ಬಳಿಕ ಬಂದ ಪ್ರುಮಿಯೇ ಎರಾರನ ಹಾರ್ಪನ್ನು ಒಳಗೆ ತಂದನು. ವಿದ್ಯಾಲಯದ ಬಾಗಿಲು ಹೊಸದಕ್ಕೆ ತೆರೆಯುವುದು ಹಲವೊಮ್ಮೆ ಒಬ್ಬ ಅಧ್ಯಾಪಕನ ಕಾಲ ಮುಗಿದ ಮೇಲೆಯೇ ಎಂಬುದನ್ನು ಅಧ್ಯಾಪಕನಾದ ನಾನು ಕೊಂಚ ಸಂಕೋಚದಿಂದಲೇ ಬರೆಯುತ್ತಿದ್ದೇನೆ.

ಎರಾರನಿಗೆ ಆ ದಿನವನ್ನು ಕಾಣುವ ಯೋಗವಿರಲಿಲ್ಲ. ಆದರೆ ಅವನ ಇನ್ನೊಂದು ದೊಡ್ಡ ಶೋಧ ಅವನ ಕಣ್ಣ ಮುಂದೆಯೇ ಗೆದ್ದಿತು. ಹಳೆಯ ಪಿಯಾನೊದಲ್ಲಿ ಒತ್ತಿದ ಮನೆ ಪೂರ್ತಿ ಮೇಲಕ್ಕೆ ಬಂದ ಹೊರತು ಅದೇ ಸ್ವರವನ್ನು ಮತ್ತೆ ನುಡಿಸುವಂತಿರಲಿಲ್ಲ. ಎರಾರನು ತಂತಿಯನ್ನು ಬಡಿದ ಸುತ್ತಿಗೆ ಪೂರ್ತಿ ಕೆಳಗೆ ಬೀಳದಂತೆ ನಡುದಾರಿಯಲ್ಲಿಯೇ ತಡೆದು ಹಿಡಿದನು. ಮನೆ ಅರ್ಧಕ್ಕೆ ಏರಿದರೂ ಸಾಕು, ಮರುಬಡಿತ ಸಿದ್ಧ. ೧೮೨೧ರಲ್ಲಿ ಇದಕ್ಕೆ ಅಣ್ಣನ ಮಗ ಪಿಯೇರನ ಹೆಸರಿನಲ್ಲಿ ಲಂಡನ್ನಿನಲ್ಲಿ ಪೇಟೆಂಟಾಯಿತು. ಇಲ್ಲಿಯೂ ಮನೆಗಳ ಸಂಖ್ಯೆ ಹೆಚ್ಚಲಿಲ್ಲ. ಇದ್ದ ಮನೆಯೇ ಹೆಚ್ಚು ದುಡಿಯಿತು. ೧೮೨೪ರಲ್ಲಿ ಪ್ಯಾರಿಸ್ಸಿನಲ್ಲಿಯೂ ಲಂಡನ್ನಿನಲ್ಲಿಯೂ ಈ ಪಿಯಾನೊವನ್ನು ನುಡಿಸಿ ಜನರನ್ನು ಬೆರಗುಗೊಳಿಸಿದವನು ಬಾಲಕ ಲಿಸ್ಟ್. ಇಂದಿನ ಗ್ರ್ಯಾಂಡ್ ಪಿಯಾನೊಗಳ ಒಳಗೆಲ್ಲ ಈ ತತ್ತ್ವವೇ ಕೆಲಸ ಮಾಡುತ್ತಿದೆ. ಪ್ಯಾರಿಸ್ಸಿನ ಅಂಚಿನ ಲಾ ಮ್ಯುಎತ್ ಎಂಬ ಅರಮನೆಯನ್ನು ಕೊಂಡು, ಅಲ್ಲಿ ಚಿತ್ರಗಳನ್ನು ಸಂಗ್ರಹಿಸುತ್ತ ಕೊನೆಯ ವರ್ಷಗಳನ್ನು ಕಳೆದ ಎರಾರನು ೧೮೩೧ರ ಆಗಸ್ಟ್ ೫ರಂದು ತೀರಿಕೊಂಡನು.

ಅವನ ಹಾರ್ಪಿಗೆ ನಿಜವಾದ ಪರೀಕ್ಷೆ ಬಂದದ್ದು ಅವನ ಮರಣದ ಆರು ದಶಕಗಳ ಮೇಲೆ. ೧೮೯೦ರ ದಶಕದಲ್ಲಿ ಪ್ಲೆಯೆಲ್ ಸಂಸ್ಥೆಯ ಗುಸ್ತಾವ್ ಲಿಯೋನ್ ಪೆಡಲುಗಳೇ ಬೇಡವೆಂದು, ಹನ್ನೆರಡು ಸ್ವರಸ್ಥಾನಗಳಿಗೂ ಬೇರೆ ಬೇರೆ ತಂತಿಗಳನ್ನಿರಿಸಿ, ಎರಡು ಸಾಲು ತಂತಿಗಳು ಒಂದನ್ನೊಂದು ಅಡ್ಡಹಾಯುವ ಹಾರ್ಪನ್ನು ಹೊರತಂದನು. ಅದಕ್ಕಾಗಿ ಡೆಬ್ಯುಸಿ ೧೯೦೪ರಲ್ಲಿ ಒಂದು ಕೃತಿಯನ್ನು ರಚಿಸಿದನು. ಪ್ರತಿಯಾಗಿ ಎರಾರ್ ಸಂಸ್ಥೆ ರಾವೆಲ್ಲನಿಂದ ಪೆಡಲ್ ಹಾರ್ಪಿಗೆಂದು ೧೯೦೫ರಲ್ಲಿ ಇನ್ನೊಂದನ್ನು ಬರೆಯಿಸಿತು. ಇಂದು ವಾದ್ಯಗೋಷ್ಠಿಗಳಲ್ಲಿ ಉಳಿದಿರುವುದು ಪೆಡಲ್ ಹಾರ್ಪೇ. ಡೆಬ್ಯುಸಿಯ ಆ ಕೃತಿಯನ್ನೂ ಸಾಮಾನ್ಯವಾಗಿ ಅದರಲ್ಲಿಯೇ ನುಡಿಸುತ್ತಾರೆ.

ಇದೇ ಪ್ರಶ್ನೆ ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಮತ್ತೊಮ್ಮೆ ಹುಟ್ಟಿತು. ಗಿಟಾರನ್ನು ಅಡ್ಡಲಾಗಿ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ಪದ್ಧತಿ ಹವಾಯಿ ದ್ವೀಪಗಳಿಂದ ಅಲ್ಲಿಗೆ ಬಂದಿತ್ತು. ಅದರ ತಂತಿಗಳ ಶ್ರುತಿಯನ್ನು ನುಡಿಸುತ್ತಿರುವಾಗಲೇ ಬದಲಿಸಲು ಪೆಡಲುಗಳನ್ನು ಅಳವಡಿಸಿದರು. ೧೯೪೦ರ ಸುಮಾರಿಗೆ ಗಿಬ್ಸನ್ ಸಂಸ್ಥೆ ಅಂಥದೊಂದು ವಾದ್ಯಕ್ಕೆ ಎಲೆಕ್ಟ್ರಾಹಾರ್ಪ್ ಎಂದೇ ಹೆಸರಿಟ್ಟಿತು. ಆದರೆ ಒಂದು ಭೇದವುಂಟು. ಹಾರ್ಪಿನ ಪೆಡಲು ಕಚ್ಚಿನಲ್ಲಿ ನಿಲ್ಲುತ್ತದೆ, ಪಾದಕ್ಕೆ ಬಿಡುವು ಸಿಗುತ್ತದೆ. ಪೆಡಲ್ ಸ್ಟೀಲ್ ಗಿಟಾರಿನ ಪೆಡಲು ಕಾಲು ತೆಗೆದೊಡನೆ ಹಿಂದಕ್ಕೆ ಚಿಮ್ಮುತ್ತದೆ. ಎಡಗಾಲು ಅಲ್ಲಿಯೇ ಸೆರೆ. ಬಲಗಾಲು ನಾದವನ್ನು ಏರಿಳಿಸುವ ಬೇರೊಂದು ಪೆಡಲಿನ ಮೇಲೆ. ಇನ್ನುಳಿದದ್ದು ಮೊಣಕಾಲುಗಳು. ಅವುಗಳ ಪಕ್ಕದಲ್ಲಿಯೂ ಮೇಲೆಯೂ ಸನ್ನೆಗಳನ್ನು ತೂಗುಹಾಕಿದರು: ಎಡಕ್ಕೆ ಒತ್ತಿದರೆ ಒಂದು ಮಾರ್ಪಾಟು, ಬಲಕ್ಕೆ ಒತ್ತಿದರೆ ಇನ್ನೊಂದು, ಮೇಲಕ್ಕೆತ್ತಿದರೆ ಮತ್ತೊಂದು. ಹೊಸ ಸನ್ನೆಯನ್ನು ಎಲ್ಲಿ ಇರಿಸಬೇಕೆಂಬುದು ಆ ವಾದಕರಿಗೆ ಗಹನವಾದ ವಿಚಾರ. ಒಂದೇ ಮೊಣಕಾಲು ಏಕಕಾಲದಲ್ಲಿ ಎಡಕ್ಕೂ ಬಲಕ್ಕೂ ಹೋಗಲಾರದು. ಆದ್ದರಿಂದ ಕೂಡಿ ಬರಬೇಕಾದ ಎರಡು ಮಾರ್ಪಾಟುಗಳನ್ನು ಒಂದೇ ಮೊಣಕಾಲಿನ ಎರಡು ಬದಿಗೆ ಇರಿಸಿದರೆ ಅವು ಎಂದೂ ಕೂಡವು. ಸನ್ನೆ ಹೆಚ್ಚಿದಷ್ಟೂ ವಾದ್ಯ ಶ್ರೀಮಂತವಾಗುವುದಿಲ್ಲ. ದೇಹದ ನಡೆಯನ್ನು ಅರಿತು ಇರಿಸಿದಷ್ಟು ಮಾತ್ರ ಆಗುತ್ತದೆ.

ಎರಾರನ ಸಂಸ್ಥೆ ೧೯೬೦ರಲ್ಲಿ ಗಾವೋ ಸಂಸ್ಥೆಯೊಡನೆ ವಿಲೀನವಾಯಿತು. ಗ್ರೇಟ್ ಮಾರ್ಲ್‌ಬರೊ ಬೀದಿಯ ಕಾರ್ಯಾಗಾರ ಅದಕ್ಕೂ ಎಷ್ಟೋ ಮೊದಲೇ ಮುಚ್ಚಿತ್ತು. ಗೋಷ್ಠಿಯ ಹಾರ್ಪಿಗೆ ಇಂದು ೪೭ ತಂತಿಗಳಿವೆ. ಬುಡದಲ್ಲಿ ಎಡಗಾಲಿಗೆ ಮೂರು, ಬಲಗಾಲಿಗೆ ನಾಲ್ಕು ಪೆಡಲುಗಳು. ಪ್ರತಿಯೊಂದಕ್ಕೂ ಮೂರು ನೆಲೆ. ಸ್ವರಗಳನ್ನು ಏರಿಸಿ ಇಳಿಸಲು ಎಂಟನೆಯದರ ಅವಶ್ಯವಿಲ್ಲ.