88ರಿಂದ 108ರ ನಡುವೆ ಒಬ್ಬ ಆರ್ಮ್‌ಸ್ಟ್ರಾಂಗ್

ಎಲೆಕ್ಟ್ರಾನಿಕ್ಸ್ ಓದಿದವರಿಗೆ ಸೂಪರ್‌ಹೆಟೆರೊಡೈನ್ ರಿಸೀವರ್‌ನ ಬ್ಲಾಕ್ ಡಯಾಗ್ರಂ ಮರೆಯುವುದಿಲ್ಲ. ಆಂಟೆನಾ, ಮಿಕ್ಸರ್, ಲೋಕಲ್ ಆಸಿಲೇಟರ್... ಸ್ಕೇಲ್ ಇಟ್ಟು ನೀಟಾಗಿ ಡಬ್ಬಿಗಳನ್ನು ಎಳೆದರೆ ಪೂರ್ತಿ ಮಾರ್ಕ್ಸ್. ನಾನೂ ತಗೊಂಡಿದ್ದೆ. ಇಂಟರ್‌ವ್ಯೂ ಒಂದರಲ್ಲಿ ಇದನ್ನು ಕಂಡುಹಿಡಿದವರು ಯಾರು ಅಂತ ಕೇಳಿದಾಗ ಮಾತ್ರ ಧೈರ್ಯವಾಗಿ ಮಾರ್ಕೋನಿ ಅಂದುಬಿಟ್ಟೆ. ಕೆಲಸ ಸಿಗದಿದ್ದಕ್ಕೆ ಅದೊಂದೇ ಕಾರಣವಲ್ಲ ಬಿಡಿ. ಆದರೆ ರೂಮಿಗೆ ಬಂದು ಹುಡುಕಿದಾಗ ಸಿಕ್ಕ ಹೆಸರು ಎಡ್ವಿನ್ ಹೊವರ್ಡ್ ಆರ್ಮ್‌ಸ್ಟ್ರಾಂಗ್. ಚಂದ್ರನ ಮೇಲೆ ಕಾಲಿಟ್ಟವನಲ್ಲ. ನಾವು ಬಸ್ಸಿನಲ್ಲಿ ಕೇಳುವ ಎಫ್‌ಎಂ ಕೊಟ್ಟವನು.

1890ರ ಡಿಸೆಂಬರ್ 18ರಂದು ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಈತನಿಗೆ ಎಂಟನೇ ವಯಸ್ಸಿನಲ್ಲಿ ಒಂದು ನರದ ಕಾಯಿಲೆ ಬಂತು. ಎರಡು ವರ್ಷ ಶಾಲೆ ಬಿಟ್ಟು ಮನೆಯಲ್ಲೇ ಓದಿದ. ಭುಜ ಅದುರುವ ತೊಂದರೆ ಕೊನೆಯವರೆಗೂ ಉಳಿಯಿತು. ಮಾತು ಕಡಿಮೆ, ಎತ್ತರದ ಹುಚ್ಚು ಜಾಸ್ತಿ. ಹಡ್ಸನ್ ನದಿ ಕಾಣುವ ಯಾಂಕರ್ಸ್‌ನ ಮನೆಯಂಗಳದಲ್ಲಿ ಸುಮಾರು 125 ಅಡಿಯ ಆಂಟೆನಾ ಕಂಬ ಕಟ್ಟಿ ತಾನೇ ಹತ್ತುತ್ತಿದ್ದ.

ಅಪ್ಪ ಕೊಡಿಸಿದ ಕೆಂಪು ಮೋಟಾರ್‌ಸೈಕಲ್ ಏರಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಎಂಜಿನಿಯರಿಂಗ್ ಓದಲು ಹೋಗುತ್ತಿದ್ದ ಹುಡುಗ, 1912ರಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಒಂದು ಚಮತ್ಕಾರ ಮಾಡಿದ. ವ್ಯಾಕ್ಯೂಮ್ ಟ್ಯೂಬಿನಿಂದ ಹೊರಬಂದ ಸಿಗ್ನಲ್‌ನ ಒಂದು ಭಾಗವನ್ನು ಮತ್ತೆ ಅದರೊಳಕ್ಕೇ ಕಳಿಸಿದ. ಪಿಸುಗುಡುತ್ತಿದ್ದ ದೂರದ ಸಿಗ್ನಲ್ ಕೋಣೆ ತುಂಬುವಷ್ಟು ಜೋರಾಯಿತು. ಪೇಟೆಂಟ್‌ಗೆ ದುಡ್ಡು ಕೇಳಿದರೆ ಅಪ್ಪ, ಮೊದಲು ಡಿಗ್ರಿ ಮುಗಿಸು ಅಂದ. ಬೈಕ್ ಮಾರಿದರೂ ಹಣ ಸಾಲಲಿಲ್ಲ. ಅರ್ಜಿ ಹಾಕುವಷ್ಟರಲ್ಲಿ 1913ರ ಅಕ್ಟೋಬರ್ ಆಗಿತ್ತು. ಈ ಸರ್ಕ್ಯೂಟ್ ತನ್ನದೆಂದು ಲೀ ಡಿ ಫಾರೆಸ್ಟ್ ಎಂಬ ಇನ್ನೊಬ್ಬ ಸಂಶೋಧಕ ಹೂಡಿದ ವ್ಯಾಜ್ಯ ಇಪ್ಪತ್ತು ವರ್ಷದಷ್ಟು ಎಳೆದು, 1934ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ ಆರ್ಮ್‌ಸ್ಟ್ರಾಂಗ್ ಸೋತ. ಇದೇ ಕೆಲಸಕ್ಕೆ ರೇಡಿಯೋ ಎಂಜಿನಿಯರುಗಳ ಸಂಸ್ಥೆ ಕೊಟ್ಟಿದ್ದ ಪದಕವನ್ನು ಹಿಂದಿರುಗಿಸಲು ಹೋದರೆ, ಅವರು ವಾಪಸ್ ತಗೊಳ್ಳಲಿಲ್ಲ. ಕೋರ್ಟ್ ಏನೇ ಹೇಳಲಿ, ಎಂಜಿನಿಯರುಗಳು ಒಪ್ಪಿರಲಿಲ್ಲ.

ಸೂಪರ್‌ಹೆಟೆರೊಡೈನ್ ಹುಟ್ಟಿದ್ದು 1918ರಲ್ಲಿ, ಮೊದಲ ಮಹಾಯುದ್ಧದಲ್ಲಿ ಆತ ಸೇನೆಯ ಸಿಗ್ನಲ್ ವಿಭಾಗದ ಅಧಿಕಾರಿಯಾಗಿ ಪ್ಯಾರಿಸ್‌ನಲ್ಲಿದ್ದಾಗ. ನಂತರ ಪೇಟೆಂಟ್‌ಗಳನ್ನು ಮಾರಿ ಆರ್‌ಸಿಎ ಕಂಪನಿಯ ದೊಡ್ಡ ಷೇರುದಾರನಾದ. ಆ ಕಂಪನಿಯ ಡೇವಿಡ್ ಸಾರ್ನಾಫ್‌ನ ಸೆಕ್ರೆಟರಿ ಮರಿಯನ್‌ಳನ್ನು 1923ರಲ್ಲಿ ಮದುವೆಯಾದ. ಮದುವೆಯ ಉಡುಗೊರೆ ಏನು ಗೊತ್ತಾ? ಕೈಯಲ್ಲಿ ಹೊತ್ತೊಯ್ಯಬಹುದಾದ ಒಂದು ರೇಡಿಯೋ.

ಗುಡುಗು–ಮಿಂಚು ಬಂದರೆ ರೇಡಿಯೋ ಗೊರಗೊರ ಅನ್ನುವುದನ್ನು ನಿಲ್ಲಿಸುವ ಒಂದು ಸಣ್ಣ ಪೆಟ್ಟಿಗೆ ಸಾರ್ನಾಫ್‌ಗೆ ಬೇಕಿತ್ತು. ಆಗಿನ ಎಎಂ ಪ್ರಸಾರದಲ್ಲಿ ಧ್ವನಿಗೆ ತಕ್ಕಂತೆ ತರಂಗದ ಎತ್ತರ ಬದಲಾಗುತ್ತಿತ್ತು. ಸಿಡಿಲೂ ಎತ್ತರವನ್ನೇ ಕೆಡಿಸುವುದರಿಂದ ಹಾಡು ಯಾವುದು, ಸಿಡಿಲು ಯಾವುದು ಅಂತ ರೇಡಿಯೋಗೆ ತಿಳಿಯುತ್ತಿರಲಿಲ್ಲ. ಆರ್ಮ್‌ಸ್ಟ್ರಾಂಗ್ ಎತ್ತರವನ್ನು ಹಾಗೇ ಬಿಟ್ಟು, ತರಂಗದ ಆವರ್ತನವನ್ನೇ ಧ್ವನಿಗೆ ತಕ್ಕಂತೆ ಬದಲಿಸಿದ. ಇದರಿಂದ ಪ್ರಯೋಜನವಿಲ್ಲ ಎಂದು ಗಣಿತ ಬಲ್ಲವರು ಮೊದಲೇ ಲೆಕ್ಕ ಹಾಕಿ ಹೇಳಿದ್ದರು. ಅವರು ಕಡಿಮೆ ಜಾಗದಲ್ಲಿ ಯೋಚಿಸಿದ್ದರು, ಈತ ಜಾಗ ಹಿಗ್ಗಿಸಿದ. ಎಎಂ ನಿಲ್ದಾಣಕ್ಕೆ 10 ಕಿಲೋಹರ್ಟ್ಸ್ ಸಾಕಾದರೆ ಎಫ್‌ಎಂಗೆ 200. ಲೇಔಟ್ ಲೆಕ್ಕದಲ್ಲಿ ಒಂದು ಮನೆಗೆ ಇಪ್ಪತ್ತು ಸೈಟ್! 1933ರಲ್ಲಿ ಪೇಟೆಂಟ್ ಸಿಕ್ಕಿತು. 1935ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಎಂಜಿನಿಯರುಗಳ ಸಭೆಗೆ ಯಾಂಕರ್ಸ್‌ನಿಂದ ಲೋಟಕ್ಕೆ ನೀರು ಸುರಿಯುವ ಸದ್ದು ಕೇಳಿಸಿದ. ಅದು ನೀರಿನ ಸದ್ದಿನಂತೆಯೇ ಕೇಳಿತು. (ಅದೇ ವರ್ಷ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪುಟ್ಟ ರೇಡಿಯೋ ಕೇಂದ್ರ ಶುರುಮಾಡಿದ್ದರು.)

ಸಾರ್ನಾಫ್ ಕೇಳಿದ್ದು ಪೆಟ್ಟಿಗೆ, ಸಿಕ್ಕಿದ್ದು ಹಳೆಯದನ್ನೆಲ್ಲ ಬದಲಿಸಬೇಕಾದ ಹೊಸ ವ್ಯವಸ್ಥೆ. ಆರ್‌ಸಿಎ ಕಣ್ಣಾಗಲೇ ಟಿವಿಯ ಮೇಲಿತ್ತು. ಎಂಪೈರ್ ಸ್ಟೇಟ್ ಕಟ್ಟಡದಲ್ಲಿದ್ದ ಪ್ರಯೋಗದ ಸಾಮಾನುಗಳನ್ನು ತೆಗೆಯಲು ಹೇಳಿದರು. ಆರ್ಮ್‌ಸ್ಟ್ರಾಂಗ್ ಸ್ವಂತ ಖರ್ಚಿನಲ್ಲಿ ನ್ಯೂಜೆರ್ಸಿಯ ಆಲ್ಪೈನ್‌ನಲ್ಲಿ ದೊಡ್ಡ ಗೋಪುರ ಕಟ್ಟಿ ಪ್ರಸಾರ ಆರಂಭಿಸಿದ. ಅಮೆರಿಕದ ಸಂಪರ್ಕ ಆಯೋಗವಾದ ಎಫ್‌ಸಿಸಿ 1940ರಲ್ಲಿ ಎಫ್‌ಎಂಗೆ 42ರಿಂದ 50 ಮೆಗಾಹರ್ಟ್ಸ್ ಕೊಟ್ಟಿತು. ನಿಲ್ದಾಣಗಳು ಹುಟ್ಟಿದವು, ಲಕ್ಷಗಟ್ಟಲೆ ರೇಡಿಯೋ ಸೆಟ್‌ಗಳು ಮಾರಾಟವಾದವು. ಯುದ್ಧ ಬಂದಾಗ ಪೇಟೆಂಟ್‌ಗಳನ್ನು ಸೇನೆಗೆ ಉಚಿತವಾಗಿ ಬಿಟ್ಟುಕೊಟ್ಟ.

1945ರ ಜೂನ್‌ನಲ್ಲಿ ಎಫ್‌ಸಿಸಿ ಎಫ್‌ಎಂ ಅನ್ನು ಅಲ್ಲಿಂದ ಎಬ್ಬಿಸಿ ಮೇಲಕ್ಕೆ ಕಳಿಸಿತು. ಅದೇ ಇಂದಿನ 88–108. ಸೂರ್ಯನ ಕಲೆಗಳು ಹೆಚ್ಚಾದಾಗ ವಾತಾವರಣದ ಮೇಲ್ಪದರ ದೂರದ ಸಿಗ್ನಲ್‌ಗಳನ್ನು ಹಿಂದಕ್ಕೆ ಚಿಮ್ಮಿಸಿ ಹಳೇ ಬ್ಯಾಂಡಿನಲ್ಲಿ ಗೊಂದಲ ಆಗುತ್ತದೆ ಎಂಬುದು ಕಾರಣ. ಅನೇಕ ತಜ್ಞರು ಒಪ್ಪಲಿಲ್ಲ. ಖಾಲಿಯಾದ ಜಾಗದ ಬಹುಪಾಲು ಹೋಗಿದ್ದು ಟಿವಿಯ ಒಂದನೇ ಚಾನೆಲ್‌ಗೆ. ಗೊಂದಲದ ಜಾಗದಲ್ಲಿ ಟಿವಿ ಹೇಗೆ ಬದುಕುತ್ತದೆ ಅಂತ ನೀವೇ ಕೇಳಿಕೊಳ್ಳಿ. ಇದೆಲ್ಲ ಆರ್‌ಸಿಎ ಕೈವಾಡ ಎನ್ನುವವರಿದ್ದಾರೆ. ನನಗೆ ಅಷ್ಟು ಸರಳ ಅನ್ನಿಸುವುದಿಲ್ಲ, ಅಧಿಕಾರಿಗಳ ಭಯ ನಿಜವೇ ಇರಬಹುದು. ಹಳೇ ಬ್ಯಾಂಡಿನಲ್ಲಿ ಕೆಲಕಾಲ ಪ್ರಸಾರಕ್ಕೆ ಅವಕಾಶವೂ ಇತ್ತು. ಆದರೆ ಸಾಯುವ ಬ್ಯಾಂಡಿಗೆ ರೇಡಿಯೋ ಕೊಳ್ಳುವವರು ಯಾರು? ಇದ್ದ ಸೆಟ್‌ಗಳೆಲ್ಲ ಗುಜರಿಯಾದವು. ಒಂದು ಪಟ್ಟಿಯ ಒಂದು ಸಾಲು ಬದಲಾಗಿತ್ತು, ಅಷ್ಟೇ.

ಟಿವಿಯ ಧ್ವನಿಗೆ ಎಫ್‌ಎಂ ಬಳಸುತ್ತಲೇ ಆರ್‌ಸಿಎ ರಾಯಲ್ಟಿ ಕೊಡಲಿಲ್ಲ. 1940ರಲ್ಲಿ ಹತ್ತು ಲಕ್ಷ ಡಾಲರ್ ಕೊಡುತ್ತೇವೆಂದಾಗ, ಉಳಿದವರಂತೆ ನೀವೂ ರಾಯಲ್ಟಿ ಕೊಡಿ ಎಂದು ಆತ ನಿರಾಕರಿಸಿದ್ದ. 1948ರಲ್ಲಿ ಕೇಸು ಹಾಕಿದ. ವಿಚಾರಣೆಯಲ್ಲೇ ವರ್ಷಗಳು ಹೋದವು, 1950ಕ್ಕೆ ಪೇಟೆಂಟ್‌ಗಳ ಅವಧಿ ಮುಗಿಯಿತು, ಹಣ ಕರಗಿತು, ಸಂಸಾರವೂ ಬಿರುಕುಬಿಟ್ಟಿತು. 1954ರ ಜನವರಿ 31ರ ರಾತ್ರಿ ಮರಿಯನ್‌ಗೆ ಕ್ಷಮೆ ಕೇಳಿ ಪತ್ರ ಬರೆದಿಟ್ಟು ತನ್ನ ಬದುಕನ್ನು ತಾನೇ ಮುಗಿಸಿಕೊಂಡ. 63 ವರ್ಷ.

ಮರಿಯನ್ ಕೇಸು ಬಿಡಲಿಲ್ಲ. ಅದೇ ವರ್ಷದ ಕೊನೆಗೆ ಆರ್‌ಸಿಎ ಹತ್ತು ಲಕ್ಷ ಡಾಲರ್ ಆಸುಪಾಸಿಗೆ ರಾಜಿಯಾಯಿತು. ಉಳಿದ ಕಂಪನಿಗಳನ್ನು ಒಂದೊಂದಾಗಿ ಮಣಿಸುತ್ತಾ, ಕೊನೆಯದಾಗಿ ಮೊಟೊರೊಲಾ ವಿರುದ್ಧ ಗೆದ್ದಾಗ 1967.

ಆ ಪಟ್ಟಿ ಈಗಲೂ ಬದಲಾಗುತ್ತಲೇ ಇದೆ. ಮೂರು–ನಾಲ್ಕು ವರ್ಷಕ್ಕೊಮ್ಮೆ ದೇಶಗಳೆಲ್ಲ ಸೇರಿ ಜಾಗತಿಕ ತರಂಗಾಂತರ ಹಂಚಿಕೆಯನ್ನು ತಿದ್ದುತ್ತವೆ. ಮುಂದಿನ ಸಭೆ 2027ಕ್ಕೆ. 2022ರ ಹರಾಜಿನಲ್ಲಿ ನಮ್ಮ ದೇಶದ ಮೊಬೈಲ್ ಕಂಪನಿಗಳು ಸುಮಾರು 1.5 ಲಕ್ಷ ಕೋಟಿ ರೂಪಾಯಿಗೆ ಕೊಂಡದ್ದೂ ಕಣ್ಣಿಗೆ ಕಾಣದ ಈ ಸೈಟುಗಳನ್ನೇ. 6 ಗಿಗಾಹರ್ಟ್ಸ್ ಜಾಗ ವೈಫೈಗೋ ಮೊಬೈಲ್‌ಗೋ ಎಂಬ ಜಗ್ಗಾಟ ಹಲವು ದೇಶಗಳಲ್ಲಿ ನಡೆದಿದೆ. ಇದ್ದವರನ್ನು ಎಬ್ಬಿಸದೆ ಹಂಚಿಕೊಳ್ಳುವ ದಾರಿಯೂ ಬಂದಿದೆ: ಅಮೆರಿಕದ 3.5 ಗಿಗಾಹರ್ಟ್ಸ್‌ನಲ್ಲಿ ನೌಕಾಪಡೆಯ ರಾಡಾರ್ ಕೆಲಸ ಮಾಡುವುದನ್ನು ಸೆನ್ಸರ್ ಗುರುತಿಸಿದರೆ ಉಳಿದ ಬಳಕೆದಾರರು ಜಾಗ ಬಿಡುತ್ತಾರೆ, ರಾಡಾರ್ ಇಲ್ಲದಾಗ ಬಳಸುತ್ತಾರೆ. ಇಂಥ ನಿರ್ಧಾರಗಳ ಕಡತ ನಮ್ಮಲ್ಲಿ ಇರುವುದು ದೂರಸಂಪರ್ಕ ಇಲಾಖೆಯಲ್ಲಿ. ಅಲ್ಲಿನ ಇಂಡಿಯನ್ ರೇಡಿಯೋ ರೆಗ್ಯುಲೇಟರಿ ಸರ್ವಿಸ್‌ಗೆ ಯುಪಿಎಸ್‌ಸಿ ಎಂಜಿನಿಯರಿಂಗ್ ಸರ್ವಿಸಸ್ ಪರೀಕ್ಷೆ ಬರೆದು ಸೇರಬಹುದು. ಇದು ನನಗೂ ಇತ್ತೀಚೆಗೆ ಗೊತ್ತಾಗಿದ್ದು. ಅರ್ಜಿ ಹಾಕುವ ಯೋಚನೆಯಲ್ಲಿದ್ದೇನೆ.

ಆಲ್ಪೈನ್ ಗೋಪುರ ಇನ್ನೂ ನಿಂತಿದೆ. 2001ರ ಸೆಪ್ಟೆಂಬರ್‌ನಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್ ಜೊತೆ ನ್ಯೂಯಾರ್ಕ್‌ನ ಟಿವಿ ಆಂಟೆನಾಗಳೂ ಉರುಳಿದಾಗ ಕೆಲವು ಚಾನೆಲ್‌ಗಳು ಮತ್ತೆ ಪ್ರಸಾರ ಮಾಡಿದ್ದು ಅಲ್ಲಿಂದ. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಮಾತಾಡಲು ಶುರುಮಾಡಿತ್ತು, 91 ಮೆಗಾಹರ್ಟ್ಸ್‌ನಲ್ಲಿ.