ಅರಿವಿನ ನೆಲೆಯನ್ನು ಅರಸಿದ ವೈದ್ಯ

ದೇಹವು ಕಣ್ಣಿಗೆ ಗೋಚರವಾದುದು. ಅದರೊಳಗಿದ್ದು ಎಲ್ಲವನ್ನೂ ತಿಳಿಯುವ ಅರಿವು ಕಣ್ಣಿಗೆ ಗೋಚರವಲ್ಲ. ಈ ಅರಿವು ಮಿದುಳಿನಿಂದಲೇ ಹುಟ್ಟಿ ಅದರೊಡನೆಯೇ ಅಳಿಯುವುದೋ, ಅಥವಾ ಮಿದುಳನ್ನು ಕರಣವಾಗಿ ಮಾಡಿಕೊಂಡಿರುವ ಬೇರೊಂದು ತತ್ತ್ವವೋ ಎಂಬ ಪ್ರಶ್ನೆ ಬಹು ಪುರಾತನವಾದುದು. ತತ್ತ್ವಜ್ಞರು ಇದನ್ನು ತರ್ಕದಿಂದ ವಿಚಾರಿಸಿದರು. ಜೀವಂತ ಮಾನವನ ಮಿದುಳನ್ನು ಕಣ್ಣಾರೆ ಕಂಡು, ಆ ಮಾನವನೊಡನೆಯೇ ಮಾತನಾಡುತ್ತ ಇದನ್ನು ಅರಸಿದವರಲ್ಲಿ ಅಗ್ರಗಣ್ಯರು ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡರು.

ಪೆನ್‌ಫೀಲ್ಡರು 1891ರಲ್ಲಿ ಅಮೆರಿಕೆಯ ಸ್ಪೋಕೇನ್ ಎಂಬ ಊರಿನಲ್ಲಿ ಜನಿಸಿದರು. ತಂದೆಯೂ ವೈದ್ಯರೇ. 1913ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಪದವಿ ಪಡೆದ ತರುಣನು ವಿದ್ಯಾರ್ಥಿವೇತನದಿಂದ ಆಕ್ಸ್‌ಫರ್ಡಿಗೆ ಹೋಗಿ, ನರಮಂಡಲದ ಶಾಸ್ತ್ರದಲ್ಲಿ ಜಗದ್ವಿಖ್ಯಾತರಾದ ಷೆರಿಂಗ್‌ಟನ್ನರ ಶಿಷ್ಯನಾದನು. 1916ರಲ್ಲಿ, ಮೊದಲನೆಯ ಮಹಾಯುದ್ಧದ ನಡುವೆ, ಆತನಿದ್ದ ಸಸೆಕ್ಸ್ ಎಂಬ ಹಡಗು ಜರ್ಮನರ ಜಲಾಂತರ್ಗಾಮಿಯ ಹೊಡೆತಕ್ಕೆ ಸಿಕ್ಕಿತು. ಕಾಲಿಗೆ ಪೆಟ್ಟಾದರೂ ಜೀವ ಉಳಿಯಿತು. ಉಳಿದ ಜೀವವು ಯಾವುದೋ ಕಾರ್ಯಕ್ಕಾಗಿ ಉಳಿದಿದೆಯೆಂಬ ಭಾವವು ಆತನಲ್ಲಿ ನೆಲೆಗೊಂಡಿತು. 1918ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿದ್ಯಾಲಯದಿಂದ ವೈದ್ಯಪದವಿ ದೊರೆಯಿತು.

1928ರಲ್ಲಿ ಅವರು ಕೆನಡಾ ದೇಶದ ಮಾಂಟ್ರಿಯಲ್ ನಗರಕ್ಕೆ ಬಂದು ನೆಲೆಸಿದರು. ಅದೇ ವರ್ಷ ಅವರಿಗೆ ಕಠಿನವಾದ ಪರೀಕ್ಷೆಯೊಂದು ಒದಗಿತು. ಬಹುಕಾಲದಿಂದ ಮೂರ್ಛೆಯಿಂದ ನರಳುತ್ತಿದ್ದ ಒಡಹುಟ್ಟಿದ ಅಕ್ಕನ ಮಿದುಳಿನಲ್ಲಿ ದುರ್ಮಾಂಸದ ಗಡ್ಡೆ ಕಂಡುಬಂದಿತು. ತಮ್ಮನೇ ಶಸ್ತ್ರ ಹಿಡಿಯಬೇಕಾಯಿತು. ಗಡ್ಡೆಯೊಡನೆ ಹಣೆಯ ಹಿಂಬದಿಯ ಬಲಭಾಗದ ಮಿದುಳನ್ನೂ ಬಹುಮಟ್ಟಿಗೆ ತೆಗೆದುಹಾಕಿದರು. ಅಕ್ಕ ಬದುಕಿ ಮನೆಗೆ ಮರಳಿದರು. ಅವರ ನೆನಪು, ಮಾತು, ಮಕ್ಕಳ ಮೇಲಣ ಮಮತೆ ಯಾವುದೂ ಕುಂದಲಿಲ್ಲ. ಆದರೆ ಒಂದು ದಿನ ತಮ್ಮನಿಗೂ ಮನೆಯವರಿಗೂ ಊಟ ಸಿದ್ಧಪಡಿಸಲು ನಿಂತಾಗ, ಸಾಮಗ್ರಿಗಳೆಲ್ಲ ಎದುರಿಗಿದ್ದರೂ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಮಾಡಬೇಕು ಎಂಬ ಕ್ರಮವೇ ತಿಳಿಯದೆ ಕಂಗೆಟ್ಟರು. ಕೆಲವು ವರ್ಷಗಳಲ್ಲಿ ಗಡ್ಡೆ ಮತ್ತೆ ಬೆಳೆದು ಅವರು ತೀರಿಕೊಂಡರು. ಮಿದುಳಿನ ಒಂದು ಭಾಗ ಹೋದರೆ ಮನಸ್ಸಿನ ಒಂದು ಶಕ್ತಿ ಹೋಗುವುದೆಂಬ ಸತ್ಯವನ್ನು ಪೆನ್‌ಫೀಲ್ಡರು ಸ್ವಂತ ರಕ್ತಸಂಬಂಧದಲ್ಲಿಯೇ ಕಂಡುಕೊಂಡರು.

ಆ ದುಃಖವು ಅವರ ಸಂಕಲ್ಪವನ್ನು ಬಲಪಡಿಸಿತು. ರಾಕ್‌ಫೆಲರ್ ಪ್ರತಿಷ್ಠಾನದ ಧನಸಹಾಯದಿಂದ 1934ರಲ್ಲಿ ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆ ಸ್ಥಾಪಿತವಾಯಿತು. 1960ರವರೆಗೆ ಅವರೇ ಅದರ ನಿರ್ದೇಶಕರಾಗಿದ್ದರು. ಔಷಧಕ್ಕೆ ಬಗ್ಗದ ಅಪಸ್ಮಾರಕ್ಕೆ ಅಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಮಿದುಳಿಗೆ ತನ್ನದೇ ಆದ ನೋವಿನ ಅನುಭವವಿಲ್ಲ. ಆದುದರಿಂದ ತಲೆಯ ಚರ್ಮಕ್ಕೆ ಮಾತ್ರ ಮದ್ದು ಚುಚ್ಚಿ, ಕಪಾಲವನ್ನು ತೆರೆದು, ರೋಗಿಯು ಎಚ್ಚರವಾಗಿರುವಂತೆಯೇ ಮಿದುಳಿನ ಮೇಲೆ ಅತ್ಯಲ್ಪ ವಿದ್ಯುತ್ತನ್ನು ಹಾಯಿಸಿ ನೋಡುತ್ತಿದ್ದರು. ರೋಗದ ಮೂಲವನ್ನು ಗುರುತಿಸುವುದು, ಮಾತಿನ ಸ್ಥಾನಕ್ಕೆ ಕತ್ತಿ ತಾಗದಂತೆ ಕಾಯುವುದು ಇದರ ಉದ್ದೇಶ.

ಒಂದೆಡೆ ವಿದ್ಯುತ್ತು ತಾಗಿದರೆ ಕೈ ಚಲಿಸುತ್ತಿತ್ತು. ಇನ್ನೊಂದೆಡೆ ತಾಗಿದರೆ ಬೆಳಕು ಕಾಣುತ್ತಿತ್ತು. ಕಿವಿಯ ಬಳಿಯ ಭಾಗವನ್ನು ಹೀಗೆ ಪರೀಕ್ಷಿಸಿದ 520 ಮಂದಿಯಲ್ಲಿ 40 ಮಂದಿಗೆ ಹಿಂದಿನ ಅನುಭವಗಳು, ಕೇಳಿದ ಹಾಡುಗಳು ಮರುಕಳಿಸಿದಂತಾದುವೆಂದು 1963ರಲ್ಲಿ ಪ್ರಕಟಿಸಿದರು. ಆದರೆ ಕೈ ಚಲಿಸಿದಾಗ ರೋಗಿಯು ಅದು ತನ್ನ ಕೃತಿಯಲ್ಲ, ವೈದ್ಯರ ಕೃತಿ ಎಂದೇ ಹೇಳುತ್ತಿದ್ದನು. ಮತ್ತೊಬ್ಬ ರೋಗಿಗೆ ಚಿಟ್ಟೆಯ ಚಿತ್ರ ತೋರಿಸಿ ಮಾತಿನ ಸ್ಥಾನವನ್ನು ವಿದ್ಯುತ್ತಿನಿಂದ ತಡೆದಾಗ ಆತನ ಬಾಯಿಂದ ಪದ ಹೊರಡಲಿಲ್ಲ. ತಡೆ ಕಳೆದ ಮೇಲೆ, ಚಿಟ್ಟೆಯೆಂಬ ಪದ ಸಿಗದಿದ್ದಾಗ ಪತಂಗವೆಂಬ ಪದವನ್ನಾದರೂ ಹಿಡಿಯಲು ಯತ್ನಿಸಿದೆನೆಂದು ತಿಳಿಸಿದನು. ಕರಣವು ಕೈಕೊಟ್ಟಾಗಲೂ ಹುಡುಕುವವನು ಒಳಗೆ ಎಚ್ಚರವಾಗಿಯೇ ಇದ್ದನು. ಇದಕ್ಕೆ ವಿರುದ್ಧವಾಗಿ, ಅಪಸ್ಮಾರದ ಒಂದು ಬಗೆಯಲ್ಲಿ ರೋಗಿಯು ಎಚ್ಚರ ತಪ್ಪಿದ್ದರೂ ದಾರಿ ನಡೆದು ಮನೆ ಸೇರುತ್ತಿದ್ದನು. ಆಮೇಲೆ ಆತನಿಗೆ ಅದರ ನೆನಪೇ ಇರುತ್ತಿರಲಿಲ್ಲ. ಇಲ್ಲಿ ಯಂತ್ರ ನಡೆಯುತ್ತಿತ್ತು, ಅರಿವು ಇರಲಿಲ್ಲ.

ಮಿದುಳಿನ ಕ್ರಿಯೆಯಿಂದಲೇ ಮನಸ್ಸನ್ನು ಪೂರ್ಣವಾಗಿ ವಿವರಿಸಬಹುದೆಂಬ ನಂಬಿಕೆಯಿಂದ ಪೆನ್‌ಫೀಲ್ಡರು ಕಾರ್ಯವನ್ನಾರಂಭಿಸಿದ್ದರು. ಆದರೆ ಒಬ್ಬ ಮನುಷ್ಯನನ್ನು ನಂಬುವಂತೆ ಅಥವಾ ನಿಶ್ಚಯಿಸುವಂತೆ ಮಾಡಬಲ್ಲ ಸ್ಥಾನವೊಂದನ್ನೂ ಅವರು ಮಿದುಳಿನಲ್ಲಿ ಕಾಣಲಿಲ್ಲ. 1975ರಲ್ಲಿ ಮನಸ್ಸಿನ ರಹಸ್ಯವನ್ನು ಕುರಿತ ಗ್ರಂಥವನ್ನು ಪ್ರಕಟಿಸಿ, ಮಿದುಳು ಮತ್ತು ಮನಸ್ಸು ಎರಡೆಂದು ಭಾವಿಸುವುದೇ ತಮಗೆ ಹೆಚ್ಚು ಯುಕ್ತವಾಗಿ ತೋರುತ್ತದೆಂದು ತಿಳಿಸಿದರು. ಆದರೆ ಎರಡು ಪಕ್ಷಗಳಲ್ಲಿ ಯಾವುದಕ್ಕೂ ಅಂತಿಮ ಪ್ರಮಾಣ ದೊರೆತಿಲ್ಲವೆಂಬುದನ್ನೂ ಮರೆಮಾಚಲಿಲ್ಲ. ಸಹೋದ್ಯೋಗಿಗಳಲ್ಲಿ ಅನೇಕರು ಅವರ ಮತವನ್ನೊಪ್ಪಲಿಲ್ಲ.

ಅನಂತರದ ಶೋಧನೆಗಳು ಅವರ ವಾದದ ಒಂದು ಆಧಾರವನ್ನು ಸಡಿಲಗೊಳಿಸಿವೆ. 2009ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಏಳು ಮಂದಿ ರೋಗಿಗಳ ಮಿದುಳನ್ನು ಹೀಗೆಯೇ ಪರೀಕ್ಷಿಸಿದಾಗ, ಕೆಲವರಲ್ಲಿ ಕೈಕಾಲುಗಳನ್ನು ಚಲಿಸಬೇಕೆಂಬ ಇಚ್ಛೆಯೇ ಮೂಡಿತು. ವಿದ್ಯುತ್ತನ್ನು ಹೆಚ್ಚಿಸಿದಾಗ, ಅಂಗ ಚಲಿಸದಿದ್ದರೂ ತಾವು ಚಲಿಸಿದೆವೆಂದೇ ನಂಬಿದರು. ಮರುಕಳಿಸಿದ ಅನುಭವಗಳೂ ನಿಜವಾದ ನೆನಪುಗಳಲ್ಲ, ಕನಸಿನಂತೆ ಕಟ್ಟಿಕೊಂಡವು ಎಂದು ಹಲವರು ತರ್ಕಿಸಿದ್ದಾರೆ. ಆದರೂ ನರಗಳ ಚಲನೆಯು ಅನುಭವವಾಗಿ ಮಾರ್ಪಡುವುದು ಹೇಗೆಂಬ ಮೂಲಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ದೊರೆತಿಲ್ಲ.

ಮೆಂಫ್ರಿಮೇಗಾಗ್ ಸರೋವರದ ತೀರದಲ್ಲಿ ಪೆನ್‌ಫೀಲ್ಡರ ತೋಟವಿತ್ತು. ಅಲ್ಲಿಯ ಬಂಡೆಯೊಂದರ ಮೇಲೆ ಅವರು ನಡುವಯಸ್ಸಿನಲ್ಲಿ ಒಂದು ಕಡೆ ಆತ್ಮವನ್ನು ಸೂಚಿಸುವ ಗ್ರೀಕ್ ಪದವನ್ನೂ, ಇನ್ನೊಂದು ಕಡೆ ಮಾನವನ ಶಿರಸ್ಸನ್ನೂ ಬರೆದು, ಎರಡನ್ನೂ ಅಖಂಡವಾದ ಗೆರೆಯಿಂದ ಜೋಡಿಸಿದ್ದರು. ಇಳಿವಯಸ್ಸಿನಲ್ಲಿ ಮತ್ತೆ ಬಣ್ಣ ಹಿಡಿದು ಹೋಗಿ ಆ ಗೆರೆಯನ್ನು ತುಂಡುತುಂಡಾಗಿಸಿದರು. 1976ರ ಏಪ್ರಿಲ್ 5ರಂದು, ತಮ್ಮ 85ನೆಯ ವಯಸ್ಸಿನಲ್ಲಿ ಮಾಂಟ್ರಿಯಲ್ಲಿನಲ್ಲಿ ನಿಧನರಾದರು.

ಆತ್ಮವುಂಟೆಂದು ಸಾಧಿಸಿದ ಪುರುಷರೆಂದು ಅವರನ್ನು ಹೊಗಳುವುದು ಸರಿಯಲ್ಲ. ಅವರು ಹಾಗೆ ಹೇಳಿಕೊಳ್ಳಲಿಲ್ಲ. ಕಾಯಕದಲ್ಲಿ ಕಂಡಷ್ಟನ್ನೇ ಕಂಡೆನೆಂದು ನುಡಿದರು. ಕಾಣದುದನ್ನು ಕಂಡಿಲ್ಲವೆಂದು ಒಪ್ಪಿದರು. ಜೀವಮಾನವೆಲ್ಲ ಎಳೆದಿದ್ದ ಗೆರೆಯನ್ನು ತಮ್ಮ ಕೈಯಾರೆ ತಿದ್ದಿದರು. ಅರಿವನ್ನು ಅರಸುವವನಿಗೆ ಮೊದಲು ಬೇಕಾದುದು ಈ ಪ್ರಾಮಾಣಿಕತೆಯೇ.