ಗುಬ್ಬಿ ವೀರಣ್ಣನವರೂ ನಮ್ಮ ಹೊಗೆಯ ಸರೋವರವೂ

ಕಳೆದ ವಾರ್ಷಿಕೋತ್ಸವಕ್ಕೆ ದುರ್ಯೋಧನನ ಕೊನೆಯ ದಿನವನ್ನು ಕುರಿತ ಪುಟ್ಟ ನಾಟಕವೊಂದನ್ನು ಆಡುವುದೆಂದು ನಿಶ್ಚಯವಾದಾಗ, ವೈಶಂಪಾಯನ ಸರೋವರದ ಮೇಲೆ ಮಂಜು ಕವಿದಿರಲೇಬೇಕೆಂದು ಹಟ ಹಿಡಿದವನು ನಾನೇ. ನಾನು ಕುದ್ರೋಳಿಯವನು, 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ನೆರವೇರಿಸಿದ ಗೋಕರ್ಣನಾಥ ಕ್ಷೇತ್ರದ ಆಸುಪಾಸಿನಲ್ಲೇ ಬೆಳೆದವನು. ದಸರಾ ಮೆರವಣಿಗೆಯ ಸ್ತಬ್ಧಚಿತ್ರಗಳನ್ನು ಕಂಡ ಕಣ್ಣು ನನ್ನದು. ಅದಕ್ಕೂ ಮೊದಲು, ಬಯಲಾಟದಲ್ಲಿ ಬಣ್ಣದ ವೇಷ ಬರುವಾಗ ದೊಂದಿಯ ಮೇಲೆ ರಾಳದ ಪುಡಿ ಎರಚಿದೊಡನೆ ಭಗ್ಗನೆದ್ದ ಬೆಂಕಿಗೂ ಹೊಗೆಗೂ ಹೆದರಿ ಅಜ್ಜಿಯ ಸೆರಗಿನಲ್ಲಿ ಮುಖ ಮರೆಸಿಕೊಂಡವನು. ಹೊಗೆಯಿಲ್ಲದ ರಂಗ ನನಗೆ ಉಪ್ಪಿಲ್ಲದ ಗಂಜಿ.

ವಿದ್ಯಾರ್ಥಿ ಸಂಘದಲ್ಲಿದ್ದ ಅಲ್ಪ ಹಣವನ್ನು ಅಗ್ಗದ ಹೊಗೆಯಂತ್ರವೊಂದರ ಬಾಡಿಗೆಗೆ ಸುರಿಯುವುದು ನಮ್ಮ ಕನ್ನಡ ಅಧ್ಯಾಪಕರಿಗೆ ಸರಿಬೀಳಲಿಲ್ಲ. ಗುಬ್ಬಿ ವೀರಣ್ಣನವರು ಕುರುಕ್ಷೇತ್ರಕ್ಕೆ ಆನೆಯನ್ನೇ ತರಲಿಲ್ಲವೇ ಎಂದು ನಾನು ವಾದಿಸಿದೆ. ಆನೆಯೊಂದನ್ನೇ ಹಿಡಿದುಕೊಂಡರೆ ಸಾಲದು, ಆ ಮನುಷ್ಯನ ಬಾಳನ್ನು ಪೂರ್ತಿ ತಿಳಿದುಕೊಂಡು ಬಾ ಎಂದು ಅವರು ನನ್ನನ್ನು ಗ್ರಂಥಾಲಯಕ್ಕೆ ಅಟ್ಟಿದರು.

ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಅವರ ಹೆಸರಿಗೆ ಅಂಟಿಕೊಂಡೇ ಬಂದ ನಾಟಕ ಮಂಡಳಿ ಅವರಿಗಿಂತಲೂ ಏಳು ವರ್ಷ ಹಿರಿಯದು. ತುಮಕೂರು ಸೀಮೆಯ ಗುಬ್ಬಿಯಲ್ಲಿ 1884ರಲ್ಲಿ ಚಂದಣ್ಣನವರೂ ಅವರ ಗೆಳೆಯರೂ ಕಟ್ಟಿದ್ದು. ಎಳೆಯ ಪ್ರಾಯದಲ್ಲೇ ಬಾಲಪಾತ್ರಗಳಿಗೆ ಬಣ್ಣ ಹಚ್ಚಿಕೊಂಡು ಆ ಮಂಡಳಿಯನ್ನು ಹೊಕ್ಕ ಹುಡುಗ, ಮುಂದೆ ಅದರ ಒಡೆಯನಾದ. ಒಡೆಯನೆಂದರೆ ಗಾದಿಯ ಮೇಲೆ ಕುಳಿತವನೆಂದು ಭಾವಿಸಬೇಡಿ. ಊರಿಂದೂರಿಗೆ ಪರದೆ ಪೆಟ್ಟಿಗೆಗಳನ್ನು ಹೊತ್ತು, ನಟರ ಸಂಸಾರಗಳನ್ನೆಲ್ಲ ಕಟ್ಟಿಕೊಂಡು ನಡೆಯುವ ಒಂದು ಊರಿಗೆ ಊರೇ ಅದು. ಮಳೆ ಹಿಡಿದು ಟಿಕೆಟ್ಟು ಕಡಿಮೆಯಾದರೂ ಅಷ್ಟೂ ಮಂದಿಗೆ ಅನ್ನ ಬೇಯಲೇಬೇಕು.

ಜನಕ್ಕೆ ಬೆರಗು ಬೇಕೆಂಬುದನ್ನು ಅವರು ಬಲ್ಲರು. ಬಿ. ಪುಟ್ಟಸ್ವಾಮಯ್ಯನವರು ಬರೆದ ಕುರುಕ್ಷೇತ್ರವನ್ನು 1934ರಲ್ಲಿ ರಂಗಕ್ಕೇರಿಸಿದಾಗ ಜೀವಂತ ಆನೆ ಕುದುರೆಗಳೇ ಪ್ರೇಕ್ಷಕರ ಎದುರಿಗೆ ಬಂದವು. ಈ ಸಂಗತಿಯನ್ನು ಹೇಳದೆ ಅವರ ಕಥೆಯನ್ನು ಯಾರೂ ಮುಗಿಸುವುದಿಲ್ಲ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೊಂದು. ಇಷ್ಟೆಲ್ಲ ವೈಭವದ ಯಜಮಾನರು ತಮಗಾಗಿ ಇಟ್ಟುಕೊಂಡದ್ದು ರಾಜಪಾತ್ರವನ್ನಲ್ಲ, ಹಾಸ್ಯಗಾರನ ಪಾತ್ರವನ್ನು. ಸದಾರಮೆಯ ಕಳ್ಳನೆಂದರೆ ವೀರಣ್ಣ, ವೀರಣ್ಣನೆಂದರೆ ಆ ಕಳ್ಳ ಎಂಬಂತಾಗಿತ್ತು. ಆ ಕಳ್ಳನಿಗೆ ಆನೆ ಬೇಡ, ಪರದೆಯ ಚಮತ್ಕಾರವೂ ಬೇಡ. ನಾಟಕರತ್ನರ ಇಡೀ ಕಂಪನಿಯಲ್ಲಿ ಅತಿ ಅಗ್ಗದ ಸಾಧನವೆಂದರೆ ಸ್ವತಃ ಅವರೇ ಎಂದು ನನಗೆ ತೋರಿತು.

ಗಂಡಸರೇ ಹೆಣ್ಣುವೇಷ ಹಾಕುತ್ತಿದ್ದ ಕಾಲದಲ್ಲಿ ಅವರು ನಟಿಯರಿಗೆ ರಂಗವನ್ನು ತೆರೆದುಕೊಟ್ಟರು, ಮಡದಿ ಬಿ. ಜಯಮ್ಮನವರು ನಾಟಕದಲ್ಲೂ ಚಲನಚಿತ್ರದಲ್ಲೂ ಹೆಸರಾದರು. ಮಕ್ಕಳದೇ ಒಂದು ಮಂಡಳಿಯನ್ನೂ ನಡೆಸಿದರು. ಸಿನಿಮಾ ಬಂದು ನಾಟಕದ ಗಿರಾಕಿಗಳನ್ನು ಕಸಿಯತೊಡಗಿದಾಗ, ಶಪಿಸುತ್ತ ಕೂರದೆ ತಾವೇ ಚಿತ್ರ ತೆಗೆದರು. 1954ರ ಬೇಡರ ಕಣ್ಣಪ್ಪದಲ್ಲಿ ನಾಯಕನಾಗಿ ಕಾಣಿಸಿಕೊಂಡ ರಾಜಕುಮಾರ್ ಅವರ ಕಂಪನಿಯಲ್ಲೇ ಪಳಗಿದವರು. ನಮ್ಮ ಜಿಲ್ಲೆಯವರು ನೆನೆಯಬೇಕಾದ ಇನ್ನೊಂದು ಮಾತಿದೆ. ಬಂಟ್ವಾಳದ ಕಡೆಯ ಬಾಬುಕೋಡಿಯಿಂದ ಮನೆಬಿಟ್ಟು ಓಡಿಹೋದ ವೆಂಕಟರಮಣ ಎಂಬ ಹುಡುಗ ಸೇರಿದ್ದು ಈ ಕಂಪನಿಯನ್ನೇ. ಆ ಹುಡುಗನನ್ನು ವೀರಣ್ಣನವರು ಕಾಶಿಗೆ ಕಳುಹಿಸಿ ಎಂ.ಎ. ಓದಿಸಿದರು. ಮುಂದೆ 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದ ಬಿ. ವಿ. ಕಾರಂತರು ಆತನೇ. ನಾಟಕದ ಕಂಪನಿಯೊಂದು ತನ್ನ ಹುಡುಗನನ್ನು ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿತೆಂಬ ಸಂಗತಿಯನ್ನು ನಾನು ಎರಡು ಸಲ ಓದಿದೆ.

1972ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷದ ಅಕ್ಟೋಬರದಲ್ಲಿ ಅವರು ತೀರಿಕೊಂಡರು.

ಇಷ್ಟನ್ನು ಓದಿಕೊಂಡು ಬಂದೆನಾದರೂ ನನ್ನ ಹಟವೇನೂ ಇಳಿದಿರಲಿಲ್ಲ. ಯಂತ್ರ ಬಂದೇ ಬಂತು. ಅದು ಉಗುಳುವುದು ನಿಜವಾಗಿ ಹೊಗೆಯಲ್ಲ. ಗ್ಲೈಕಾಲ್ ಬೆರೆತ ನೀರು ಒಳಗಿನ ಕಾವಿಗೆ ಆವಿಯಾಗಿ, ಹೊರಗಿನ ತಂಪು ಗಾಳಿ ತಾಗಿದೊಡನೆ ಸಣ್ಣ ಸಣ್ಣ ಹನಿಗಳಾಗಿ ನಿಲ್ಲುತ್ತದೆ. ಅಗ್ಗದ ಯಂತ್ರಕ್ಕೆ ಉಸಿರು ಕಡಿಮೆ. ಒಮ್ಮೆ ಊದಿದರೆ ಮತ್ತೆ ಕಾಯುವವರೆಗೆ ದುರ್ಯೋಧನನೂ ಕಾಯಬೇಕು! ಮೇಲಾಗಿ ಬೆಚ್ಚಗಿನ ಮಂಜು ಸರೋವರವನ್ನು ಬಿಟ್ಟು ಮಾಡಿಗೆ ಏರತೊಡಗಿತು. ದಕ್ಕೆಯಿಂದ ಮೀನಿನ ಮಂಜುಗಡ್ಡೆ ತಂದು ಪೆಟ್ಟಿಗೆಯಲ್ಲಿ ತುಂಬಿ, ಅದರೊಳಗಿಂದ ಹಾಯಿಸಿದೆವು. ತಣಿದ ಮಂಜು ಹಾಲಿನಂತೆ ನೆಲದ ಮೇಲೆ ಹರಡಿತು. ಮೀನಿನ ವಾಸನೆಯನ್ನೊಂದು ಬಿಟ್ಟರೆ ಸಾಕ್ಷಾತ್ ವೈಶಂಪಾಯನ ಸರೋವರವೇ. ನಾವು ಚಪ್ಪಾಳೆ ತಟ್ಟಿದೆವು.

ಆ ಸರೋವರದ ತಳದಲ್ಲಿ ಮಲಗಿದ್ದವನು ನನ್ನ ಗೆಳೆಯ. ಅವನಿಗೆ ಉಬ್ಬಸವಿರುವುದು ನಮಗೆಲ್ಲ ಗೊತ್ತಿತ್ತು. ಚಪ್ಪಾಳೆಯ ಭರದಲ್ಲಿ ಮರೆತಿದ್ದೆವು. ನೀರಿನಿಂದ ಎದ್ದು ಭೀಮನಿಗೆ ಉತ್ತರ ಕೊಡಬೇಕಾದವನು ಏಳಲಿಲ್ಲ. ಎತ್ತಿ ಹೊರಗೆ ತಂದಾಗ ಅವನ ತುಟಿ ಕಪ್ಪಿಟ್ಟಿತ್ತು. ಜೇಬಿನ ಔಷಧಿ ಎಳೆದುಕೊಂಡು ಕಾಲು ಗಂಟೆಯಲ್ಲಿ ಸುಧಾರಿಸಿದ. ಆ ಕಾಲು ಗಂಟೆಯನ್ನು ನಾನು ಇಲ್ಲಿ ಬಣ್ಣಿಸಲಾರೆ. ಪಾತ್ರವನ್ನು ಬೇರೆಯವರಿಗೆ ಕೊಟ್ಟು ಮಂಜನ್ನು ಉಳಿಸಿಕೊಳ್ಳಿ ಎಂದು ಮೊದಲು ಹೇಳಿದವನು ಅವನೇ. ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ವೀರಣ್ಣನವರಿದ್ದಿದ್ದರೆ ಏನು ಮಾಡುತ್ತಿದ್ದರೋ! ಬಹುಶಃ ಇದಕ್ಕಿಂತ ದೊಡ್ಡ ಚಮತ್ಕಾರವನ್ನೇ ಹೂಡುತ್ತಿದ್ದರು. ಆದರೆ ನಟನನ್ನು ಮಾತ್ರ ಬಿಟ್ಟುಕೊಡುತ್ತಿರಲಿಲ್ಲ ಎಂದು ನನ್ನ ನಂಬಿಕೆ. ನಾವು ಬಿಳಿಯ ಪಂಚೆ ನಾಲ್ಕನ್ನು ಹೊಲಿದು, ಎರಡೂ ಬದಿಯಿಂದ ಮೆಲ್ಲನೆ ಅಲುಗಿಸಿ, ಮೇಲಿನಿಂದ ನೀಲಿ ದೀಪ ಬಿಟ್ಟೆವು. ನನ್ನ ಗೆಳೆಯ ಅದರಡಿಯಿಂದ ಎದ್ದು ಗುಡುಗಿದಾಗ ಮುಂದಿನ ಸಾಲಿನ ಮಗುವೊಂದು ಅಳತೊಡಗಿತು. ಯಂತ್ರವನ್ನು ಮರುದಿನ ಹಿಂದಿರುಗಿಸಿದೆವು. ಬಾಡಿಗೆಯನ್ನು ಮಾತ್ರ ಪೂರ್ತಿಯಾಗಿಯೇ ಕೊಡಬೇಕಾಯಿತು.